ಸ್ವಿಚರಿನ ವೇಗ ಬದಲಿಸಿದವನು

"ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡದವನನ್ನ ಕೆಲಸದಾಗ ಇಟ್ಕೋಬೇಕೋ, ಬಿಡಿಸಬೇಕೋ, ಅಜ್ಜಾರ?" ಎಂದು ಫಕೀರೇಶ ಕೇಳಿದ.

ಫಕೀರೇಶ ಗದಗಿನಲ್ಲಿ ಸಭೆ ಸಮಾರಂಭಗಳಿಗೆ ಕ್ಯಾಮೆರಾ, ದೊಡ್ಡ ಪರದೆ ಹಾಕುವವನು. ಕೆಲಸ ಕಲಿತದ್ದು ಈ ಅಡಿವೆಪ್ಪಜ್ಜನ ಕೈಯಲ್ಲಿ. ಫಕೀರೇಶ ಈಗ ಬಿಡಿಸಬೇಕೆಂದು ಹೊರಟದ್ದು ದಾವಲಸಾಬನನ್ನು. ದಾವಲಸಾಬ ಹನ್ನೆರಡು ವರ್ಷ ಅವನ ಜೊತೆಗಿದ್ದು ತಂತಿ ಎಳೆದವನು.

"ಮೊದಲು ನೂರು ಮಾತಾಡತಿದ್ದ. ಈಗ ಹೂಂ, ಉಹೂಂ, ಅಷ್ಟ. ಮೊನ್ನೆ ಕ್ಯಾಮೆರಾ ಬಿಸಿಲಿಗೆ ಎದುರಾಗಿ ಇಟ್ಟಿದ್ದೆ. ಸರಿ ಐತೇನು ಅಂದರ ಹೂಂ ಅಂದ. ಚಿತ್ರ ಎಲ್ಲಾ ಬೆಳ್ಳಗಾತು. ನಾಳೆಯಿಂದ ಬರಬ್ಯಾಡ ಅನ್ನಬೇಕಂತ ಮಾಡೇನಿ."

"ನೀ ಏನರ ಅಂದಿದ್ದೇನು?"

"ಇಷ್ಟು ಮಾತು ಬ್ಯಾಡ, ಹೇಳಿದಷ್ಟು ಮಾಡು ಅಂದಿದ್ದೆ. ಮಂದಿ ಮುಂದ ನನ್ನನ್ನ ತಿದ್ದಾಕ ಬಂದಿದ್ದ. ಯಜಮಾನ ಆದಮ್ಯಾಲ ಅಷ್ಟೂ ಅನ್ನಬಾರದೇನ್ರಿ?"

ಅಜ್ಜ ನೇರವಾಗಿ ಉತ್ತರ ಕೊಡುವ ಮನುಷ್ಯನಲ್ಲ. ಮೊದಲು ತನ್ನ ತುತ್ತೂರಿ ತಾನು ಊದಲೇಬೇಕು.

"ನಾ ಮೂರನೇ ಇಯತ್ತೆ ದಾಟಿದವನಲ್ಲ. ಆದರ ಹುಬ್ಬಳ್ಳ್ಯಾಗ ಸಭಾ ನಡೆದಾಗ ತಂತಿ ಕಡೀತು ನೋಡು, ಎರಡೂ ತುದಿ ಹಲ್ಲಾಗ ಕಚ್ಚಿ ಹಿಡಿದು ಮೂರು ತಾಸು ಕುಂತೆ. ಪರದೆ ಮ್ಯಾಲಿನ ಚಿತ್ರ ಒಂದು ಸಲ ಅಲುಗಿದ್ದರ ಕೇಳು. ನೋಡಿದವರು ಮೂರು ಮಂದಿ. ಇಬ್ಬರು ತೀರಿಕೊಂಡಾರ, ಇನ್ನೊಬ್ಬಗ ನೆನಪು ಹೋಗೇತಿ."

ಫಕೀರೇಶ ಸುಮ್ಮನೆ ತಲೆಯಾಡಿಸಿದ. ಆಮೇಲೆ ಅಜ್ಜ ಈ ಕತೆ ಹೇಳಿದ.

ಒಬ್ಬ ತಂತ್ರಜ್ಞನಿದ್ದ. ಅವನ ಕೈಕೆಳಗೆ ತಂತಿ ಬೆಸೆಯುವವನೊಬ್ಬನಿದ್ದ. ಒಂದು ಸಭಾಭವನದಲ್ಲಿ ಅವರು ಎಂಟು ಕ್ಯಾಮೆರಾ ಹಾಕಿದ್ದರು. ಯಾವ ಕ್ಯಾಮೆರಾದ ಚಿತ್ರ ಪರದೆಗೆ ಹೋಗಬೇಕೋ ಅದನ್ನು ಕಳಿಸುವುದು ಹಿಂದಿನ ಕೋಣೆಯಲ್ಲಿದ್ದ ಸ್ವಿಚರ್. ತಂತ್ರಜ್ಞನ ಕಂಪ್ಯೂಟರಿಗೂ ಅದಕ್ಕೂ ನಡುವೆ ಒಂದು ಸೀರಿಯಲ್ ತಂತಿ. ಆಜ್ಞೆ ಅದರಲ್ಲಿ ಹೋಗುತ್ತಿತ್ತು, ಉತ್ತರ ಅದರಲ್ಲಿ ಬರುತ್ತಿತ್ತು. ಅದಕ್ಕೊಂದು ಕಟ್ಟಳೆ ಉಂಟು. ಎರಡು ಕಡೆಯವರೂ ಒಂದೇ ವೇಗದಲ್ಲಿ ಮಾತಾಡಬೇಕು. ವೇಗ ತಪ್ಪಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು.

ಸಭೆಗೆ ಇನ್ನೇನು ಅರ್ಧ ತಾಸು. ಸ್ವಿಚರ್ ನಿಧಾನ ಎಂದು ತಂತ್ರಜ್ಞನಿಗೆ ಅನ್ನಿಸಿತು. ಇನ್ನು ಮೇಲೆ ಹನ್ನೆರಡು ಪಟ್ಟು ವೇಗದಲ್ಲಿ ಮಾತಾಡು ಎಂದು ಅದಕ್ಕೆ ಆಜ್ಞೆ ಕಳಿಸಿದ. ಸ್ವಿಚರ್ ಒಪ್ಪಿಕೊಂಡಿತು. ತನ್ನ ಕಂಪ್ಯೂಟರಿನ ವೇಗವನ್ನು ಮಾತ್ರ ಅವನು ಮೊದಲಿದ್ದಂತೆಯೇ ಬಿಟ್ಟ.

ಮುಂದಿನ ಆಜ್ಞೆಗೆ ಉತ್ತರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನೆಟ್‌ವರ್ಕ್ ತಂತಿ ಎಂಬ ಇನ್ನೊಂದು ದಾರಿಯಿಂದ ಸ್ವಿಚರನ್ನು ಮುಟ್ಟಲು ನೋಡಿದ. ಅಲ್ಲಿ ಸ್ವಿಚರಿಗಿದ್ದ ವಿಳಾಸವನ್ನೂ ಬೆಳಿಗ್ಗೆ ತಾನೇ ಬದಲಿಸಿದ್ದ, ಬರೆದಿಟ್ಟುಕೊಂಡಿರಲಿಲ್ಲ. ಬಿಟ್ಟುಹೋದ ಮನೆಯ ಬಾಗಿಲು ತಟ್ಟಿದಂತಾಯಿತು. ಅಷ್ಟರಲ್ಲಿ ಸಭೆ ಶುರುವಾಯಿತು. ವೇದಿಕೆಯ ಒಂದು ಮೂಲೆಯಲ್ಲಿ ಅತಿಥಿಗಳು ಭಾಷಣ ಮಾಡುತ್ತಿದ್ದರು, ಪರದೆಯ ಮೇಲೆ ಬೇರೊಂದು ಕ್ಯಾಮೆರಾ ತೋರಿಸುತ್ತಿದ್ದ ಖಾಲಿ ಕುರ್ಚಿಯೊಂದು ಕೂತಿತ್ತು. ಜನ ನಗತೊಡಗಿದರು.

ತಂತ್ರಜ್ಞ ಹಿಂದಿನ ಕೋಣೆಗೆ ಓಡಿದ. ಅಲ್ಲಿ ತಂತಿ ಬೆಸೆಯುವವನೊಬ್ಬನೇ ಇದ್ದ.

"ನಿನ್ನ ಬೆಸುಗೆ ಬಿಟ್ಟೈತಿ! ಕೈ ನಡುಗೋ ಮುದುಕನ್ನ ಇಟ್ಕೊಂಡು ನನ್ನ ಮಾನ ಹೋತು!"

"ಬೆಸುಗೆ ಗಟ್ಟಿ ಐತ್ರಿ. ನೀವೇನರ ಬದಲಿ ಮಾಡೀರೇನ್ರಿ?"

"ನನ್ನನ್ನ ಕೇಳತೀ? ನಡಿ ಹೊರಗ. ಇನ್ನ ಮ್ಯಾಲ ನನಗ ಮುಖ ತೋರಿಸಬ್ಯಾಡ."

ಬೆಸೆಯುವವನು ಕೈ ಒರೆಸಿಕೊಂಡು ಹೊರಟುಹೋದ.

ತಂತ್ರಜ್ಞ ಬೆಸುಗೆ ಕಿತ್ತು ತಾನೇ ಬೆಸೆದ. ಮತ್ತೆ ಕಿತ್ತ, ಮತ್ತೆ ಬೆಸೆದ. ನಾಲ್ಕನೆಯ ಸಲ ಮೊಣಕಾಲೂರಿ ಕೂತಾಗ ಸ್ವಿಚರಿನ ಮುಖದ ಮೇಲಿನ ಪುಟ್ಟ ಪರದೆ ಕಣ್ಣಿಗೆ ಬಿತ್ತು. ತಾನು ಹೇಳಿದ ಹೊಸ ವೇಗವೇ ಅಲ್ಲಿತ್ತು. ಅಷ್ಟು ಹೊತ್ತೂ ಅಲ್ಲಿಯೇ ಇತ್ತು. ಹೋಗಿ ಕಂಪ್ಯೂಟರಿನ ವೇಗವನ್ನೂ ಅಷ್ಟೇ ಮಾಡಿದ. ಮೊದಲ ಆಜ್ಞೆಗೇ ಉತ್ತರ ಬಂತು. ಪರದೆಯ ಮೇಲೆ ಅತಿಥಿಗಳು ಕಾಣಿಸಿದರು. ಅವರು ಭಾಷಣ ಮುಗಿಸಿ ಕೈ ಮುಗಿಯುತ್ತಿದ್ದರು.

ಬೀದಿಗೆ ಓಡಿ ನೋಡಿದ. ತಂತಿ ಬೆಸೆಯುವವನು ಬಸ್ಸು ಹತ್ತಿ ಊರಿಗೆ ಹೋಗಿಯಾಗಿತ್ತು. ಮರುದಿನ ಹೋಗಬಹುದಿತ್ತು. ಮುಖ ಎತ್ತಲಾಗದೆ ಹೋಗಲಿಲ್ಲ. ಮುಂದಿನ ವಾರ ಅಂದುಕೊಂಡ, ಆಗಲೂ ಹೋಗಲಿಲ್ಲ. ಕೇಳಿದವರಿಗೆಲ್ಲ ಬೆಸುಗೆ ಬಿಟ್ಟಿತ್ತು ಎಂದೇ ಹೇಳಿದ. ಆ ಮಾತು ಊರಿಂದೂರಿಗೆ ಹಬ್ಬಿತು, ಬೆಸೆಯುವವನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ನಾಲ್ಕು ವರ್ಷಕ್ಕೆ ಅವನು ತೀರಿಹೋದ. ತಂತ್ರಜ್ಞ ನಿಜವನ್ನು ಇಂದಿನವರೆಗೆ ಒಂದು ನರಪಿಳ್ಳೆಗೂ ಹೇಳಿಲ್ಲ.

ಅಜ್ಜ ಇಲ್ಲಿಗೆ ನಿಲ್ಲಿಸಿದ. ಅವನ ಕತೆಗಳ ಕೊನೆಗೆ ಯಾವಾಗಲೂ ಬರುವ ನಗು ಈ ಸಲ ಬರಲಿಲ್ಲ. ಫಕೀರೇಶ ಕಾದು ನೋಡಿದ. ಆಮೇಲೆ ನಕ್ಕ. ಅಜ್ಜ ಕಡೆಗೂ ಒಂದು ಸಲ ಸುಳ್ಳಿನಲ್ಲಿ ಕೈಗೆ ಸಿಕ್ಕಿಬಿದ್ದನೆಂದು ಅವನಿಗೆ ಹಿಗ್ಗು.

"ಕೋಣ್ಯಾಗ ಇದ್ದವರು ಇಬ್ಬರ. ಒಬ್ಬ ತೀರಿಹೋದ. ಇನ್ನೊಬ್ಬ ಯಾರ ಮುಂದೂ ಬಾಯಿ ಬಿಡಲಿಲ್ಲ. ಹಂಗಾದರ ನಿಮಗ ಹೇಳಿದವರು ಯಾರು, ಅಜ್ಜಾರ?"

ಅಜ್ಜ ಹೆಗಲು ಕುಣಿಸಿದ. ಫಕೀರೇಶನ ನಗು ಅಲ್ಲಿಗೇ ನಿಂತಿತು.

"ಯಾರರ ಇರಲಿ, ದಾವಲಸಾಬ ನೀ ಹೇಳಿದಷ್ಟು ಮಾಡಾಕತ್ತಾನ."