ಓತಿಕ್ಯಾತನ ಡಿಸ್ಕ್ ಚೀಲ

ಇದನ್ನು ನನಗೆ ಮೊದಲು ಹೇಳಿದವರು ಕಾಲೇಜಿನ ಪಿ.ಟಿ. ಮೇಡಂ ಫಿಲೋಮಿನಾ. ಬೇಲಿಯ ಓತಿಕ್ಯಾತನಿಗೆ ಡಿಸ್ಕ್ ಗಾಲ್ಫ್ ಆಡುವ ಆಸೆಯಾಯಿತಂತೆ. ತಟ್ಟೆಯಂಥ ಡಿಸ್ಕ್ ಎಸೆದು ದೂರದ ಸರಪಳಿ ಬುಟ್ಟಿಗೆ ಬೀಳಿಸುವ ಆಟ ಅದು. ಸಂಜೆಯ ಪಂದ್ಯಕ್ಕೆ ಅಳಿಲಿನ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅವನು ಡಿಸ್ಕ್ ಕೊಳ್ಳಲು ಹೆಗ್ಗಣದ ಅಂಗಡಿಗೆ ಓಡಿದ.

"ದೂರ ಹಾರುವುದು ಕೊಡಲೇ, ಸ್ವಾಮಿ?" ಎಂದಿತು ಹೆಗ್ಗಣ. ಓತಿಕ್ಯಾತ ಹುಟ್ಟುಗುಣದಂತೆ ತಲೆಯಾಡಿಸಿದ.

"ಎಡಕ್ಕೆ ಹೊರಳುವುದು? ಬಲಕ್ಕೆ ಹೊರಳುವುದು? ಎದುರುಗಾಳಿಗೊಂದು?" ಎಲ್ಲಕ್ಕೂ ತಲೆಯಾಡಿಸಿದ. ಚೀಲ ಉಬ್ಬಿತು.

ಮೂಲೆಯಲ್ಲಿದ್ದ ದಪ್ಪಂಚಿನ ಡಿಸ್ಕಿಗೆ ತಡೆಯಲಾಗಲಿಲ್ಲ. "ಅಯ್ಯಾ, ಹೊಸಬರಿಗೆ ನಾನೊಂದು ಸಾಕು. ದೂರ ಹೋಗಲಾರೆ, ಆದರೆ ನೆಟ್ಟಗೆ ಹೋಗುತ್ತೇನೆ. ಉಳಿದವನ್ನೆಲ್ಲ ಇಳಿಸಿಬಿಡಿ" ಎಂದಿತು. ಓತಿಕ್ಯಾತ ಅದಕ್ಕೂ ತಲೆಯಾಡಿಸಿದ. ಹೆಗ್ಗಣ ಅದನ್ನೂ ಚೀಲಕ್ಕೆ ತುರುಕಿತು.

ಚೀಲ ಬೆನ್ನಿಗೇರಿದ್ದೇ ತಡ, ಓತಿಕ್ಯಾತ ಅದರಡಿ ಅಪ್ಪಚ್ಚಿಯಾದ. ತಲೆಯೊಂದೇ ಹೊರಗುಳಿಯಿತು.

ಅಷ್ಟರಲ್ಲಿ ಅಳಿಲು ಬಂದು, "ಏನಪ್ಪಾ, ಪಂದ್ಯಕ್ಕೆ ಹೊತ್ತಾಯಿತು. ಬಸವನಹುಳು ಒಂದೇ ಡಿಸ್ಕ್ ಹಿಡಿದು ಬಂದು ಕೂತಿದೆ. ನಿನ್ನ ಜಾಗ ಅದಕ್ಕೆ ಕೊಡಲೇ?" ಎಂದು ಕೇಳಿತು.

ತಲೆ ಆಡಿತು.

ಹೊಸ ಆಟಕ್ಕೆ ಹೊರಟವರು ಸಿಕ್ಕರೆ ನೀವೂ ಇದನ್ನು ಹೇಳಿ. ಹೇಳುತ್ತೇನೆಂದು ಸುಮ್ಮನೆ ತಲೆಯಾಡಿಸಬೇಡಿ.