ತುರ್ತಲ್ಲದ ಕರೆ

"ಬುದ್ಧೀ, ಫೋನ್ ಮಾಡಿದೋರಿಗೆ ಸಮಾಧಾನ ಆದ್ರೆ ಸಾಕಲ್ವಾ, ಈ ಕಡೆಯಿಂದ ಮಾತಾಡಿದ್ದು ಯಾರಾದ್ರೇನು?" ಅಂತ ಮಠದ ಅಜ್ಜಾರನ್ನ ಕೇಳಿದ ಶಿಷ್ಯ ಕೊಟ್ರಯ್ಯ.

ಅವನ ಕೈಯಲ್ಲಿ ಅವತ್ತಿನ ಪೇಪರಿತ್ತು. ಹೊಸಾ ಫೋನ್ ಬಂದಿದೆಯಂತೆ. ಯಾರೇ ಕರೆ ಮಾಡ್ಲಿ, ಯಜಮಾನನ ದನಿಯಲ್ಲೇ ತಾನೇ ಎತ್ತಿ ಮಾತಾಡುತ್ತಂತೆ. ನಗೋ ಕಡೆ ನಗುತ್ತಂತೆ, ಅಯ್ಯೋ ಪಾಪ ಅನ್ನೋ ಕಡೆ ಅಯ್ಯೋ ಪಾಪ ಅನ್ನುತ್ತಂತೆ. ಮಠಕ್ಕೆ ಬೆಳಗಾದ್ರೆ ಫೋನು. ಮಗಳಿಗೆ ಗಂಡು ಸಿಕ್ಕಿಲ್ಲ ಅಂತ ಒಬ್ರು, ಎಮ್ಮೆ ಒದೀತದೆ ಅಂತ ಇನ್ನೊಬ್ರು. ಅಜ್ಜಾರ ದನಿಯನ್ನ ಅದರೊಳಗೆ ತುಂಬಿಸಿಬಿಟ್ರೆ ಅಜ್ಜಾರಿಗೂ ವಿಶ್ರಾಂತಿ, ಭಕ್ತರಿಗೂ ಸಮಾಧಾನ ಅಂತ ಶಿಷ್ಯನ ಆಸೆ.

ಅಜ್ಜಾರು ಪೇಪರ್ ಇಸ್ಕೊಂಡು ಫೋನಿನ ಚಿತ್ರ ನೋಡಿದ್ರು. ಮೂಸಿಯೂ ನೋಡಿದ್ರು. ಆಮೇಲೆ ಮಡಿಸಿ ತೊಡೆ ಕೆಳಗೆ ಇಟ್ಕೊಂಡ್ರು.

"ಕೂತ್ಕೋ" ಅಂದ್ರು. "ಹರಿಹರದಲ್ಲಿ ಒಬ್ಬಳು ಅಕ್ಕ ಇದ್ಲು."

ಅಕ್ಕ ಖಾನಾವಳಿ ಇಟ್ಟಿದ್ಲು. ರೊಟ್ಟಿ ಬಡಿಯೋದ್ರಲ್ಲಿ ಅವಳ ಸಮ ಹುಟ್ಟಿರ್ಲಿಲ್ಲ. ಅವಳ ರೊಟ್ಟಿ ಎಷ್ಟು ತೆಳ್ಳಗೆ ಅಂದ್ರೆ, ಕಣ್ಣಿಗೆ ಅಡ್ಡ ಹಿಡ್ಕೊಂಡು ಪೇಪರ್ ಓದಬಹುದಿತ್ತು. ಒಂದ್ಸಲ ಫ್ಯಾನ್ ಗಾಳಿಗೆ ತಟ್ಟೆಯಿಂದ ಎದ್ದ ರೊಟ್ಟಿ ಮೂರು ಮನೆ ದಾಟಿ ಒಬ್ಬ ಮೇಷ್ಟ್ರ ಅಂಗಳಕ್ಕೆ ಬಿತ್ತು. ಮೇಷ್ಟ್ರು ಅದನ್ನ ಹಿಡ್ಕೊಂಡು ಶೇಂಗಾ ಚಟ್ನಿ ಕೇಳೋಕೆ ಬಂದ್ರು. ರೊಟ್ಟಿ ಅಷ್ಟು ಮೆತ್ತಗೆ, ನಾಲಿಗೆ ಅಷ್ಟೇ ಹರಿತ. ಅವಳ ಬೈಗುಳಕ್ಕೆ ಹಸಿ ಮೆಣಸಿನಕಾಯಿ ತಾನಾಗೇ ಒಣಗ್ತಿತ್ತು.

ಅವಳಿಗೆ ಹೊಳಲ್ಕೆರೆಯಲ್ಲಿ ಒಬ್ಬಳು ತಂಗಿ. ತಂಗಿ ಮಗಳ ನಿಶ್ಚಯಕ್ಕೆ ಅಕ್ಕ ಹೋಗಿದ್ಲು. ತಂಗಿ ಹೋಳಿಗೆ ಮಾಡಿದ್ಲು. ಅಕ್ಕ ಒಂದು ಚೂರು ಮುರಿದು ಬಾಯಿಗಿಟ್ಕೊಂಡು, ಬೀಗರ ಎದುರಿಗೇ, "ಏನೇ ಇದು, ಹೋಳಿಗೆನೋ ಚಪ್ಪಲಿ ಅಟ್ಟೆನೋ?" ಅಂದ್ಲು.

ಬೀಗರು ನಕ್ಕುಬಿಟ್ರು. ಅಕ್ಕ ಅಂದಿದ್ದನ್ನ ತಂಗಿ ಮರೀತಿದ್ಲೋ ಏನೋ. ಬೀಗರು ನಕ್ಕಿದ್ದನ್ನ ಮರೆಯೋಕಾಗ್ಲಿಲ್ಲ. ಪಂಕ್ತಿ ನಡುವೆ ತುಪ್ಪದ ಗಿಂಡಿ ಕೆಳಗಿಟ್ಟು, "ಇನ್ನು ನಿನ್ನ ಕೂಡೆ ಮಾತಾಡಿದ್ರೆ ನಾನು ನಮ್ಮವ್ವನ ಮಗಳೇ ಅಲ್ಲ" ಅಂದ್ಲು.

"ನಾನೂ ಅವಳ ಮಗಳೇ ಕಣೆ" ಅಂತ ಹೇಳಿ ಅಕ್ಕ ಚಪ್ಪಲಿ ಮೆಟ್ಟಿದ್ಲು.

ಒಂದು ತಿಂಗಳು ಕಳೀತು. ಒಂದು ಸಂಜೆ ದೀಪ ಹಚ್ಚೋ ಹೊತ್ತಿಗೆ ಅಕ್ಕನ ಫೋನು ಒಂದೇ ಒಂದ್ಸಲ ಹೊಡ್ಕೊಂಡು ಸುಮ್ಮನಾಯ್ತು. ನೋಡಿದ್ರೆ ತಂಗಿ ನಂಬರು. ಮಿಸ್ ಕಾಲ್. ಅಕ್ಕ ಬೆಂಕಿಪೊಟ್ಟಣ ಕೈಯಲ್ಲಿಟ್ಕೊಂಡು ಯೋಚನೆ ಮಾಡಿದ್ಲು. ತಾನೂ ಒಂದು ರಿಂಗ್ ಕೊಟ್ಟು ಕಟ್ ಮಾಡಿದ್ಲು. 'ಇದ್ದೀನಿ' ಅಂತ ಅವಳು, 'ನಾನೂ ಇದ್ದೀನಿ' ಅಂತ ಇವಳು. ಮಾತಾಡಿದ ಹಾಗೂ ಆಗ್ಲಿಲ್ಲ, ಬಿಟ್ಟ ಹಾಗೂ ಆಗ್ಲಿಲ್ಲ.

ಅವತ್ತಿಂದ ಹನ್ನೊಂದು ವರ್ಷ, ದಿನಾ ಸಂಜೆ ಏಳಕ್ಕೆ, ಮೊದಲು ತಂಗಿ ಕಡೆಯಿಂದ ಒಂದು ರಿಂಗ್, ಆಮೇಲೆ ಅಕ್ಕನ ಕಡೆಯಿಂದ ಒಂದು. ಕೂತು ಮಾತಾಡಿ ಮಾಡ್ಕೊಂಡಿದ್ದಲ್ಲ. ಆದ್ರೂ ಇಬ್ರಿಗೂ ಗೊತ್ತಿತ್ತು: ಎತ್ತಿದೋಳು ಸೋತ್ಲು.

ಈ ನಡುವೆ ಫೋನಲ್ಲಿ ಮಾತು ಪುಕ್ಕಟೆ ಆಯ್ತು. ಊರಿಗೂರೇ ಬೆಳಿಗ್ಗೆ ಎದ್ದು, ಮುಖ ತೊಳೆಯೋಕೆ ಮುಂಚೆ, ಗುಲಾಬಿ ಹೂವಿನ ಮೇಲೆ ಗುಡ್ ಮಾರ್ನಿಂಗ್ ಬರೆದು ಕಳಿಸೋಕೆ ಶುರು ಮಾಡ್ತು. ಖಾನಾವಳಿಗೆ ಬರೋರಿಗೆ ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಫೋನು. ಒಬ್ಬ ಮೈಮರೆತು ಫೋನನ್ನೇ ಎಣ್ಣೆಗಾಯಿಗೆ ಅದ್ದಿ ಕಚ್ಚಿದ. ಊಟದ ಚಿತ್ರ ಕಳಿಸಿ ಮುನ್ನೂರು ಜನರ ಹತ್ರ ಶಭಾಷ್ ಅನ್ನಿಸ್ಕೊಂಡ ಇನ್ನೊಬ್ಬ ಊಟ ಮಾಡೋದನ್ನೇ ಮರೆತು ಎದ್ದು ಹೋದ. ಲೋಕಕ್ಕೆಲ್ಲ ಇಷ್ಟು ಮಾತು ಬಂದ್ರೂ ಅಕ್ಕ ತಂಗಿ ಮಾತ್ರ ಒಂದೇ ರಿಂಗಿನಲ್ಲಿ ಉಳ್ಕೊಂಡ್ರು.

ಆ ಒಂದರಲ್ಲೇ ಅಕ್ಕನಿಗೆ ಎಲ್ಲ ತಿಳೀತಿತ್ತು. ಅರ್ಧಕ್ಕೆ ಕಡಿದ್ರೆ ತಂಗಿ ಕೆಲಸದಲ್ಲಿದ್ದಾಳೆ. ಕೊನೇವರೆಗೂ ಎಳೆದ್ರೆ ಮನಸ್ಸು ಭಾರ ಇದೆ. ಒಂದು ಸಂಜೆ ಬೆನ್ನುಬೆನ್ನಿಗೆ ಎರಡು ರಿಂಗ್ ಬಂತು. ಅಕ್ಕ ಎದ್ದು ಬೀದಿಗೆಲ್ಲ ಸಕ್ಕರೆ ಹಂಚಿದ್ಲು.

"ಏನು ವಿಶೇಷ?" ಅಂದ್ರು ಬೀದಿಯೋರು.

"ತಂಗಿಗೆ ಮೊಮ್ಮಗು."

"ಗಂಡೋ ಹೆಣ್ಣೋ?"

"ಅದನ್ನ ಎತ್ತಿದ್ರೆ ತಾನೆ ಹೇಳೋದು" ಅಂತ ಬೈದು ಬಾಗಿಲು ಹಾಕ್ಕೊಂಡ್ಲು.

ಹಿಂಗಿರೋವಾಗ ಈ ಹೊಸಾ ಫೋನ್ ಬಂತು. ಅಕ್ಕನ ಎರಡೂ ಕೈ ಯಾವಾಗ್ಲೂ ಹಿಟ್ಟಲ್ಲಿ. ಫೋನಲ್ಲಿ ರೊಟ್ಟಿ ಹೇಳೋರು ಹೇಳೋಕಾಗದೆ ಬೇರೆ ಕಡೆ ಹೋಗ್ತಿದ್ರು. ಮೊಬೈಲ್ ಅಂಗಡಿಯೋನು ಅಕ್ಕನ್ನ ಸ್ಟೂಲಿನ ಮೇಲೆ ಕೂರಿಸಿ, ಒಂದೂವರೆ ಗಂಟೆ ಮಾತಾಡಿಸಿ ದನಿ ಹಿಡಿದ. ಬೈಗುಳನೆಲ್ಲ ಸೋಸಿ ತೆಗೆದ. ಐದು ನಿಮಿಷ ಉಳೀತು. ಅಷ್ಟೇ ಸಾಕು ಅಂದ.

"ಇನ್ನು ನಿಮಗೆ ರಿಂಗಿನ ಸದ್ದೇ ಇರಲ್ಲ ಅವ್ವಾ. ಹೊಡ್ಕೊಳ್ಳೋಕೆ ಮುಂಚೇನೇ ಅದು ಎತ್ತಿ ಮಾತಾಡುತ್ತೆ. ರಾತ್ರಿ ಊಟದ ಹೊತ್ತಿಗೆ ಯಾರು ಏನು ಹೇಳಿದ್ರು ಅಂತ ಪಟ್ಟಿ ಕೊಡುತ್ತೆ" ಅಂದ.

ಅಕ್ಕನ ತಲೆಯಲ್ಲಿ ರೊಟ್ಟಿ ಇತ್ತು. ಏಳು ಗಂಟೆ ಇರ್ಲಿಲ್ಲ. ಹೂಂ ಅಂದ್ಲು.

ಹರಿಹರ ಬೆರಗಾಯ್ತು. ಅಕ್ಕ 'ನಮಸ್ಕಾರ, ಹೇಳಿ, ಹೇಗಿದ್ದೀರಿ' ಅಂತಾಳೆ! ರೊಟ್ಟಿ ಬೇಡದೋರೂ ಅದೊಂದನ್ನ ಕೇಳೋಕೆ ಫೋನ್ ಮಾಡಿದ್ರು. ಒಬ್ಬ ಮುದುಕ ಹೆಂಡತಿಗೆ ಕೇಳಿಸಿ, "ಹಿಂಗೆ ಮಾತಾಡೋದು ಕಲಿ" ಅಂದು, ಎರಡು ದಿನ ಉಪವಾಸ ಬಿದ್ದ.

ಅವತ್ತು ಸಂಜೆ ಅಕ್ಕ ದೀಪ ಹಚ್ಚಿ, ಗೋಡೆ ಗೂಡಲ್ಲಿದ್ದ ಫೋನಿನ ಕಡೆ ನೋಡ್ತಾ ಕೂತ್ಲು. ಏಳಾಯ್ತು. ಏಳೂಕಾಲಾಯ್ತು. ರಿಂಗ್ ಬರ್ಲಿಲ್ಲ. ಬಸ್ಸಲ್ಲಿರಬೇಕು, ನಾಳೆ ಮಾಡ್ತಾಳೆ ಅಂದ್ಕೊಂಡ್ಲು. ಆಮೇಲೆ ಪಟ್ಟಿ ನೋಡಿದ್ಲು. ರೊಟ್ಟಿ ಆರ್ಡರ್ ನಲವತ್ತು, ತುರ್ತಲ್ಲದ ಕರೆ ಒಂದು. ಪಟ್ಟಿಯಲ್ಲಿ ನಂಬರು ಇರ್ಲಿಲ್ಲ, ಹೇಳಿದೋರ ಹೆಸರಷ್ಟೇ. ಯಾವುದೋ ಜಾಹೀರಾತಿನೋರು ಅಂತ ಆ ಒಂದನ್ನ ಬಿಟ್ಲು.

ಮಾರನೇ ದಿನವೂ ರಿಂಗಿಲ್ಲ. ಅದರ ಮಾರನೇ ದಿನವೂ ಇಲ್ಲ. ತಾನೇ ಒಂದು ರಿಂಗ್ ಕೊಡಬಹುದಿತ್ತು. ಬೆರಳು ತಂಗಿ ನಂಬರಿನ ಮೇಲೆ ಹೋಗಿ ಹೋಗಿ ವಾಪಸ್ ಬಂತು. ಮೊದಲ ರಿಂಗ್ ತಂಗೀದು, ಎರಡನೇದು ತನ್ನದು. ಮೊದಲು ಕೊಟ್ರೆ ಸೋತ ಹಾಗಲ್ವಾ? ಅವಳಿಗೆ ನಾನು ಬೇಡ ಆದ್ನೇನೋ. ಇಲ್ಲ, ಮೈಗೆ ಹುಷಾರಿಲ್ವೇನೋ. ಸತ್ತಿದ್ರೆ ಯಾರಾದ್ರೂ ಹೇಳ್ತಿದ್ರು. ಹೇಳ್ತಿದ್ರಾ?

ನಾಲ್ಕನೇ ದಿನ ರೊಟ್ಟಿ ಸೀದುಹೋಯ್ತು. ಆರನೇ ದಿನ ಗಿರಾಕಿಗಳಿಗೆ ಬೈಯೋದನ್ನೇ ಮರೆತ್ಲು. ಗಿರಾಕಿಗಳು ಹೆದರ್ಕೊಂಡು ಡಾಕ್ಟರನ್ನ ಕರ್ಕೊಂಡು ಬರೋಣ್ವಾ ಅಂತ ಕೇಳಿದ್ರು. ಏಳನೇ ದಿನ ಊಟಕ್ಕೆ ಬಂದ ಬಸ್ ಕಂಡಕ್ಟರನ್ನ ಹಿಡ್ಕೊಂಡ್ಲು.

"ಹೊಳಲ್ಕೆರೆಯಲ್ಲಿ ಎಲ್ಲಾ ಚೆನ್ನಾಗಿದ್ದಾರಾ?"

"ಎಲ್ಲಾ ಅಂದ್ರೆ ಯಾರವ್ವಾ?"

"ಎಲ್ಲಾ ಅಂದ್ರೆ ಎಲ್ಲಾ."

"ನಿನ್ನೆ ನೋಡ್ದಾಗ ಊರು ಅಲ್ಲೇ ಇತ್ತು" ಅಂದ ಕಂಡಕ್ಟರ್. ಅಕ್ಕ ಅವನಿಗೆ ಇನ್ನೊಂದು ರೊಟ್ಟಿ ಹಾಕಿದ್ಲು.

ಒಂಬತ್ತನೇ ದಿನದ ಪಟ್ಟಿಯಲ್ಲಿ ಕೊನೇ ಸಾಲು ಹಿಂಗಿತ್ತು: ನಾಳೆ ಮಧ್ಯಾಹ್ನ ಹತ್ತು ರೊಟ್ಟಿ, ಹೆಸರು ಹೇಳಿಲ್ಲ, ಖುದ್ದು ಬರ್ತಾರೆ. ಅಕ್ಕ ಹತ್ತು ಬಡಿದಿಟ್ಲು. ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದ್ರೆ ತಂಗಿ ನಿಂತಿದ್ಲು. ಕಿವಿ ಪಕ್ಕದ ಕೂದಲು ಬೆಳ್ಳಗಾಗಿತ್ತು.

"ಹತ್ತು ಸಾಕಾಗುತ್ತೇನೇ ಅಕ್ಕಾ? ನೀನೂ ತಿನ್ನಬೇಕಲ್ಲ" ಅಂದ್ಲು ತಂಗಿ.

ತಂಗಿ ಒಳಗೆ ಬಂದು, ಒಲೆ ಪಕ್ಕದ ಮಣೆ ಎಳ್ಕೊಂಡು ಕೂತು ಶುರು ಮಾಡಿದ್ಲು. "ಮೊದಲ ದಿನ ನೀನು ಎತ್ತಿದ ಕೂಡ್ಲೇ ನನ್ನ ಕೈಯಲ್ಲಿದ್ದ ಎಣ್ಣೆ ಬಟ್ಲು ಬಿತ್ತು ನೋಡು. ಒಂದು ರಿಂಗೂ ಪೂರ್ತಿ ಆಗಿರ್ಲಿಲ್ಲ. ಕಾಯ್ತಾನೇ ಕೂತಿದ್ದೋಳ ಹಾಗೆ ಎತ್ತಿದೆ. 'ಹೇಗಿದ್ದೀರಿ' ಅಂದಾಗ ಮಾತ್ರ ಎದೆ ಝಲ್ ಅಂತು. ಅಕ್ಕನ ಬಾಯಲ್ಲಿ ನನಗೆ ಬಹುವಚನ! ಬೇರೆಯೋಳಾಗ್ಬಿಟ್ನಾ ಅಂತ. ಇರ್ಲಿ ಬಿಡು, ಹನ್ನೊಂದು ವರ್ಷದ ಕೋಪ, ಒಂದೇ ದಿನದಲ್ಲಿ 'ನೀನು' ಅಂತ ಇಳಿಯುತ್ತಾ? ಒಂಬತ್ತು ದಿನ ನಾನು ಒದರಿದ್ದೇ ಒದರಿದ್ದು. ಒಂದ್ಸಲನೂ ಅಡ್ಡಬಾಯಿ ಹಾಕ್ಲಿಲ್ವಲ್ಲೇ ನೀನು! ನಿನ್ನೆ 'ಬರ್ಲಾ' ಅಂದ್ರೆ 'ಖಂಡಿತ ಬನ್ನಿ, ಎಷ್ಟು ರೊಟ್ಟಿ ಬೇಕು' ಅಂತ ತಮಾಷೆ ಬೇರೆ."

ಅಕ್ಕ ಗೂಡಿನ ಕಡೆ ನೋಡಿದ್ಲು. ಫೋನು ಬಾಯಿ ಮುಚ್ಕೊಂಡು ಕೂತಿತ್ತು. ದಿನಕ್ಕೊಂದು ತುರ್ತಲ್ಲದ ಕರೆ ಯಾರದ್ದು ಅಂತ ಆಗ ಗೊತ್ತಾಯ್ತು.

'ನಾನೆಲ್ಲೇ ಎತ್ತಿದೆ?' ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟು ಅಂದಿದ್ರೆ ಹನ್ನೊಂದು ವರ್ಷದ ಪಂದ್ಯ ಅಕ್ಕನೇ ಗೆಲ್ತಿದ್ಲು. ತಂಗಿ ಮುಖ ನೋಡಿದ್ಲು.

"ಎತ್ತಿದೆ ಕಣೆ. ನಾನೇ ಸೋತೆ" ಅಂದ್ಲು.

ಆ ಬಾಯಿಂದ ಸೋತೆ ಅನ್ನೋ ಮಾತು ಬಂದಿದ್ದು ಅದೇ ಮೊದಲು. ಹರಿಹರದ ಹತ್ರ ತುಂಗಭದ್ರೆ ಅರ್ಧ ಗಳಿಗೆ ಹಿಂದಕ್ಕೆ ಹರೀತು ಅಂತಾರೆ. ನಾನು ನೋಡಿಲ್ಲ, ನೋಡಿದೋರನ್ನ ನೋಡಿದ್ದೀನಿ.

ಹತ್ತೂ ರೊಟ್ಟಿ ಖಾಲಿಯಾಯ್ತು. ಮೊಮ್ಮಗು ಹೆಣ್ಣು ಅಂತಲೂ ಗೊತ್ತಾಯ್ತು. ಸಂಜೆ ಅಕ್ಕ ಬಸ್ ಸ್ಟ್ಯಾಂಡಿಗೆ ಬಿಡೋಕೆ ಹೋದ್ಲು. ಬಸ್ ಹತ್ತೋ ಮುಂಚೆ ತಂಗಿ ಅಕ್ಕನ ಮಣಿಕಟ್ಟು ಹಿಡ್ಕೊಂಡ್ಲು.

"ಮೂರನೇ ದಿನ ಹೇಳಿದ್ನಲ್ಲಕ್ಕಾ, ಅದು ನಿನ್ನ ಹೊಟ್ಟೇಲೇ ಇರ್ಲಿ."

"ಇರುತ್ತೆ" ಅಂದ್ಲು ಅಕ್ಕ.

"ಅವ್ವಂಗೂ ಹೇಳಿರ್ಲಿಲ್ಲ. ಇನ್ನೊಂದ್ಸಲ ಬಾಯಿಬಿಟ್ಟು ಹೇಳೋ ಶಕ್ತಿ ನಂಗಿಲ್ಲ. ನೀನು ಕೇಳಿಸ್ಕೊಂಡ್ಯಲ್ಲ, ಅಷ್ಟು ಸಾಕು."

ಬಸ್ ಹೋಯ್ತು. ಅಕ್ಕ ಮನೆಗೆ ಹೋಗ್ದೆ ಸೀದಾ ಮೊಬೈಲ್ ಅಂಗಡಿಗೆ ಹೋದ್ಲು.

"ಮೂರನೇ ದಿನ ನನ್ನ ತಂಗಿ ಆಡಿದ ಮಾತು ತೆಗೆದುಕೊಡು."

ಅಂಗಡಿಯೋನು ಹುಡುಕಿದ. "ಸಂಜೆ ಏಳು ಗಂಟೆ. ಇಪ್ಪತ್ತೆರಡು ನಿಮಿಷ. ಆರ್ಡರ್ ಇಲ್ಲ, ತುರ್ತಲ್ಲ ಅಂತ ಬರ್ಕೊಂಡಿದೆ. ಮಾತಿಲ್ಲವ್ವಾ. ಕೆಲಸಕ್ಕೆ ಬಾರದ್ದನ್ನ ವಾರ ಆದ್ಮೇಲೆ ಅದೇ ಅಳಿಸಿ ಹಾಕುತ್ತೆ, ಜಾಗ ಉಳೀಲಿ ಅಂತ."

"ಅದು ಏನು ಉತ್ತರ ಕೊಡ್ತು? ಅದಾದ್ರೂ ಇದ್ಯಾ?"

ಅದಿತ್ತು. ಅಂಗಡಿಯೋನು ಹಾಕಿದ. ಅಕ್ಕ ತನ್ನ ದನಿಯನ್ನ ತಾನೇ ಕೇಳಿದ್ಲು. 'ಹೌದಾ.' 'ಅಯ್ಯೋ ಪಾಪ.' 'ಆಮೇಲೆ?' 'ಅಯ್ಯೋ ಪಾಪ.' ಕೊನೆಗೆ, 'ತುಂಬಾ ಸಂತೋಷ, ಮತ್ತೆ ಫೋನ್ ಮಾಡಿ.' ನಡುನಡುವೆ ಬರೀ ಖಾಲಿ. ಆ ಖಾಲಿಯನ್ನ ಅಕ್ಕ ಮೂರು ಸಲ ಹಾಕಿಸಿ ಕೇಳಿದ್ಲು.

ಫೋನಿನ ಬಾಯಿ ಅವತ್ತೇ ಕಟ್ಟಿಸಿದ್ಲು. ಈಗ ಏಳು ಗಂಟೆಗೆ ಅಕ್ಕನೇ ಎತ್ತುತ್ತಾಳೆ, ಕೈಯಲ್ಲಿ ಹಿಟ್ಟಿದ್ರೆ ಫೋನಿಗೂ ಹಿಟ್ಟು. ಹೋಳಿಗೆ ಮಾತಾಡ್ತಾರೆ, ಮೊಮ್ಮಗಳ ಹಲ್ಲಿನ ಮಾತಾಡ್ತಾರೆ. ಒಂದೊಂದ್ಸಲ ತಂಗಿ ನಡುವೆ ನಿಲ್ಲಿಸಿ, "ಅವತ್ತು ಹೇಳಿದ್ನಲ್ಲಕ್ಕಾ, ಅದು ಇವತ್ತು ಯಾಕೋ ಜಾಸ್ತಿ ಆಗಿದೆ" ಅಂತಾಳೆ. ಅಕ್ಕ ಹೂಂ ಅಂತಾಳೆ. ಗಂಡನದ್ದೋ, ಮೈಯೊಳಗಿನದ್ದೋ, ಹೊಟ್ಟೆಯಲ್ಲಿ ಹುಟ್ಟಿದೋರದ್ದೋ. ಹಿಟ್ಟು ನಾದುವಾಗ ಒಂದೊಂದಾಗಿ ಯೋಚನೆ ಮಾಡ್ತಾಳೆ. ಸಂಜೆ ಆದ್ರೆ ಫೋನನ್ನ ಕಿವಿಗೆ ಒತ್ತಿ ಹಿಡ್ಕೊಂಡು, ತಂಗಿ ಬಾಯಿಂದ ಅದು ಇನ್ನೊಂದ್ಸಲ ಜಾರಿ ಬೀಳುತ್ತೇನೋ ಅಂತ ಕಾಯ್ತಾಳೆ.

ಅಜ್ಜಾರು ನಿಲ್ಲಿಸಿದ್ರು.

"ಅಕ್ಕ ನಿಜ ಹೇಳಿ, ಇನ್ನೊಂದ್ಸಲ ಹೇಳೇ ಅಂತ ಕೇಳ್ಕೋಬಹುದಿತ್ತಲ್ಲ ಬುದ್ಧೀ?" ಅಂದ ಕೊಟ್ರಯ್ಯ.

"ನೀನು ಹೇಳಿದ್ದನ್ನ ಈವರೆಗೂ ಯಾರೂ ಕೇಳಿಸ್ಕೊಂಡೇ ಇಲ್ಲ ತಾಯೀ ಅಂತ ಅವಳಿಗೆ ಹೇಳೋರು ಯಾರಪ್ಪಾ, ನೀನು ಹೋಗಿ ಹೇಳ್ತೀಯಾ?" ಅಂದ್ರು ಅಜ್ಜಾರು.