ಗೋಡೆ ಬಿದ್ದರೂ ಮಾಡು ನಿಂತ ಶೆನ್ ಸ್ಮಾರಕಾಲಯದ ಮಹಿಮೆ

ಬೆಟ್ಟಗಳಿಗೆ ಇನ್ನೂ ಮನುಷ್ಯರ ಮಾತು ಕೇಳಿಸುತ್ತಿತ್ತೆಂದು ಹಿರಿಯರು ಹೇಳುವ ಪುರಾತನ ಕಾಲದಲ್ಲಿ, ಮಹಾಚೀನದೇಶದ ಪಶ್ಚಿಮದಿಗ್ಭಾಗದ ಚಿನ್‌ಶುಯಿ ನದೀತೀರದಲ್ಲಿ, ಬಾತುಕೋಳಿ ಮೇಯಿಸಿ ಜೀವಿಸುತ್ತಿದ್ದ ತಾವೊಯುನ್ ಎಂಬ ಸಾಧ್ವಿಯಿದ್ದಳು. ವರ್ಷವರ್ಷವೂ ಉಕ್ಕೇರಿ ಗ್ರಾಮಗಳನ್ನು ನುಂಗುತ್ತಿದ್ದ ಆ ನದಿಗೆ ಒಡ್ಡು ಕಟ್ಟಿಸಲು ಬಂದ ಧರ್ಮಾತ್ಮನಾದ ಅಧಿಕಾರಿ ಶೆನ್ ಪೊಯುವಾನನು ಮನೆಗೊಬ್ಬ ಆಳನ್ನು ಕರೆದಾಗ ಅವಳ ಪತಿ ದಾಶಾನನೂ ಹೊರಟನು. ಒಡ್ಡಿನ ಕೊನೆಯ ಕಲ್ಲು ಕೂರುವ ವೇಳೆಗೆ ಮಹಾಪೂರ ಬಂದು ದಾಶಾನನನ್ನು ಸೆಳೆದುಕೊಂಡಿತು. ಅವನ ಕೈಹಿಡಿಯಲು ಧುಮುಕಿದ ಶೆನ್ನನೂ ಮರಳಲಿಲ್ಲ. ಒಡ್ಡು ಮಾತ್ರ ಅಚಲವಾಗಿ ನಿಂತಿತು.

ಕೃತಜ್ಞರಾದ ಪ್ರಜೆಗಳು ದೇವದಾರು ಸ್ತಂಭಗಳನ್ನು ನೆಲದಲ್ಲಿ ಹೂಳದೆ ಪದ್ಮಾಕಾರದ ಶಿಲಾಪೀಠಗಳ ಮೇಲಿರಿಸಿ, ಬೆರಳಿಗೆ ಬೆರಳು ಹೆಣೆದಂತೆ ತೊಲೆಗೆ ತೊಲೆ ಜೋಡಿಸಿ, ಒಂದು ಕಬ್ಬಿಣದ ಮೊಳೆಯನ್ನೂ ಬಡಿಯದೆ, ರೆಕ್ಕೆ ಬಿಚ್ಚಿದ ಪಕ್ಷಿಯಂತೆ ತುದಿಯೆತ್ತಿದ ಹಸುರು ಹೆಂಚಿನ ಮಾಡನ್ನು ಹೊದಿಸಿ ಶೆನ್ನನಿಗೆ ಸ್ಮಾರಕಾಲಯವನ್ನು ನಿರ್ಮಿಸಿದರು. ಊರೆಲ್ಲ ಅಲ್ಲಿ ಧೂಪ ಹಚ್ಚಿದರೂ ತಾವೊಯುನ್ ಹೊಸ್ತಿಲು ತುಳಿಯಲಿಲ್ಲ. "ಕರೆದವನಿಗೆ ಗುಡಿ, ಹೋದವನಿಗೆ ಹಿಡಿ ಮಣ್ಣೂ ಇಲ್ಲ" ಎಂದು ಹೇಳಿ ಮುಖ ತಿರುಗಿಸಿ ನಡೆಯುವಳು. ಹೀಗೆಯೇ ಅವಳ ತಲೆ ನರೆಯಿತು.

ಒಂದು ವಸಂತಪ್ರಾತಃಕಾಲದಲ್ಲಿ ಅವಳ ಮೊಮ್ಮಗಳು ರೂಯಿ, ಊರ ಹೆಂಗಸರೊಡನೆ ಹೂವನ್ನರ್ಪಿಸಲು ಆಲಯಕ್ಕೆ ಹೋದಳು. ಮುದುಕಿ ನದೀತೀರದಲ್ಲಿ ಬಾತುಗಳನ್ನಟ್ಟುತ್ತಿರುವಾಗಲೇ ಭೂಮಿಯು ಘೋರಶಬ್ದದಿಂದ ಕಂಪಿಸಿತು. ನೋಡನೋಡುತ್ತಿದ್ದಂತೆ ಆಲಯದ ನಾಲ್ಕು ಗೋಡೆಗಳೂ ಹೊರಮುಖವಾಗಿ ಉರುಳಿ, ಎದ್ದ ಧೂಳಿನಲ್ಲಿ ಮಾಡೇ ಮರೆಯಾಯಿತು. ಬಾತುಗಳನ್ನೂ ತನ್ನ ವಯಸ್ಸನ್ನೂ ಮರೆತು ಓಡಿಬಂದ ಅವಳು ಹೊಸ್ತಿಲ ಮುಂದೆ ನಿಂತು, "ಶೆನ್! ಗಂಡನನ್ನು ಒಯ್ದೆ. ಈಗ ಕೂಸನ್ನೂ ಒಯ್ದೆಯಾ?" ಎಂದು ಎದೆ ಬಡಿದುಕೊಂಡಳು.

ಆಗ ಧೂಳಿನೊಳಗಿಂದ ಮೇಘಗಂಭೀರವಾದ ಅಶರೀರವಾಣಿಯೊಂದು ಕೇಳಿಬಂದಿತು: "ತಾಯೀ, ಅಂದು ದಾಶಾನನ ಕೈ ನನ್ನ ಕೈಯಿಂದ ಜಾರಿತು. ಆ ನೋವು ನನಗೂ ಆರಿಲ್ಲ. ಇಂದು ಈ ಮಾಡನ್ನು ಹಿಡಿದಿರುವವರು ನಾವಿಬ್ಬರೂ. ಬಿದ್ದದ್ದು ಗೋಡೆ ಮಾತ್ರ. ಮಗುವನ್ನು ಹೆಸರು ಹಿಡಿದು ಕರೆ."

ಅವಳು ಧೂಳಿನತ್ತ ಬಾಗಿ, "ರೂಯೀ!" ಎಂದಳು.

"ಇಲ್ಲೇ ಇದ್ದೇನೆ ಅಜ್ಜೀ! ಕಣ್ಣಿಗೆ ಧೂಳು ಬಿತ್ತು, ಅಷ್ಟೇ."

ಮುದುಕಿ ಅಳುತ್ತಲೇ ನಕ್ಕಳು. ಧೂಳು ಇಳಿದಾಗ ತೊಲೆಗಳು ಇನ್ನೂ ಮೆಲ್ಲಗೆ ಕಿರುಗುಟ್ಟುತ್ತಿದ್ದವು; ಕಂಬಗಳು ಅಲುಗಿದ್ದರೂ ಒಂದೂ ಮುರಿದಿರಲಿಲ್ಲ; ಒಳಗಿದ್ದವರೆಲ್ಲರೂ ಮೈಕೊಡವುತ್ತ ಎದ್ದರು. ತಾವೊಯುನ್ ಪ್ರಥಮಬಾರಿಗೆ ಒಳಹೊಕ್ಕು ಮೊಮ್ಮಗಳನ್ನು ತಬ್ಬಿಕೊಂಡಳು. ಬಳಿಕ ಗ್ರಾಮಸ್ಥರು ಆಲಯದಲ್ಲಿ ಪೂಜೆಗೊಳ್ಳುತ್ತಿದ್ದ ಶೆನ್ನನ ನಾಮಫಲಕದ ಪಕ್ಕದಲ್ಲಿ ದಾಶಾನನ ನಾಮಫಲಕವನ್ನು ಸಮಾನವಾದ ಎತ್ತರದಲ್ಲಿ ಪ್ರತಿಷ್ಠಾಪಿಸಿದರು. ಮೊದಲ ಧೂಪವನ್ನು ಇಬ್ಬರಿಗೂ ಅವಳೇ ಹಚ್ಚಿದಳು.

ಪೂರ್ವದಿಕ್ಕಿನ ಸ್ತಂಭವೊಂದು ತನ್ನ ಶಿಲಾಪದ್ಮದಿಂದ ಗೇಣುದ್ದ ಸರಿದು ನಿಂತಿರುವುದನ್ನು ಯಾತ್ರಿಕರು ಇಂದಿಗೂ ಕಾಣಬಹುದು. ಅದನ್ನು ಯಾರೂ ಹಿಂದಕ್ಕೆ ಸರಿಸಿಲ್ಲ. ವಸಂತೋತ್ಸವದ ದಿನ ಪ್ರತಿ ಮನೆಯಿಂದಲೂ ಒಬ್ಬರು ಒಳಗೆ ಹೋಗಿ ನಿಲ್ಲುತ್ತಾರೆ, ಉಳಿದವರು ಹೊಸ್ತಿಲಾಚೆಯಿಂದ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. "ಇಲ್ಲೇ ಇದ್ದೇನೆ" ಎಂಬ ಉತ್ತರ ಬಂದ ಮೇಲೆಯೇ ಪೂಜೆ.